ಮೂರು ಗಂಟೆ ಪೋಣಿಸಿದ ಓಲೆಗೆ 150 ರೂಪಾಯಿ. ನಾನು ಎಲ್ಲಿ ಎಡವುತ್ತಿದ್ದೇನೆ?

ಸಣ್ಣಮಣಿ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಮನೆಯಲ್ಲೇ ಮಣಿ ಓಲೆ, ಸರ, ಬ್ರೇಸ್‌ಲೆಟ್, ಮೊಬೈಲಿಗೆ ಕಟ್ಟುವ ಮಣಿ ದಾರ ಇವನ್ನೆಲ್ಲ ಮಾಡಿ ಮಾರುತ್ತಿದ್ದೇನೆ. ಮಗಳು ಶಾಲೆಗೆ ಹೋದ ಮೇಲೆ ಸುಮ್ನೆ ಕೂರಬಾರದು ಅಂತ ಶುರುವಾಗಿದ್ದು. ಈಗ ಇನ್‌ಸ್ಟಾಗ್ರಾಂನಲ್ಲಿ ಎರಡು ಸಾವಿರ ಚಿಲ್ಲರೆ ಜನ ಇದ್ದಾರೆ. ವಾಟ್ಸಾಪ್ ಸ್ಟೇಟಸ್ ನೋಡಿ ಊರಿನವರೂ ತಗೊಳ್ಳುತ್ತಾರೆ. ಆರ್ಡರ್ ಇಲ್ಲ ಅನ್ನುವ ಹಾಗಿಲ್ಲ. ದೀಪಾವಳಿ ತಿಂಗಳಲ್ಲಿ 64 ಜೊತೆ ಓಲೆ ಹೋದವು.

ಆದರೆ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ. ಬಂದಿದ್ದು ಮತ್ತೆ ಮಣಿ ಪ್ಯಾಕೆಟ್‌ಗೇ ಹೋಗುತ್ತದೆ. ಒಂದು ಜೊತೆ ಓಲೆಗೆ ಮೂರು ಗಂಟೆ ಬೇಕು. 2 ಮಿಮೀ ಮಣಿ, ಇಟ್ಟಿಗೆ ಜೋಡಿಸಿದ ಹಾಗೆ ಸಾಲುಸಾಲಾಗಿ ಹೆಣೆಯುವ ಬ್ರಿಕ್ ಸ್ಟಿಚ್. ಬೆಲೆ 150 ಇಟ್ಟಿದ್ದೇನೆ. ಅದಕ್ಕೂ "120ಕ್ಕೆ ಕೊಡಿ ಅಕ್ಕ" ಅನ್ನುತ್ತಾರೆ. "ಆನ್‌ಲೈನ್‌ನಲ್ಲಿ 99ಕ್ಕೆ ಸಿಗುತ್ತೆ" ಅಂತ ಫೋಟೋ ಕಳಿಸುವವರೂ ಇದ್ದಾರೆ. ಬೆಲೆ ಜಾಸ್ತಿ ಮಾಡಿದರೆ ಯಾರೂ ತಗೊಳ್ಳಲ್ಲ ಅನ್ನುವ ಭಯ. ಇದೇ ಕೆಲಸ ಮಾಡುವವರು ಯಾರಾದರೂ ಇದ್ದರೆ ನಿಜ ಹೇಳಿ. ನಾನು ಎಡವುತ್ತಿರುವುದು ಎಲ್ಲಿ?

ಸಾಧನಕೇರಿ (ಧಾರವಾಡ)

ತಂಗಿ, ಮೊದಲು ಒಂದು ಲೆಕ್ಕ ಹಾಕೋಣ. ಒಂದು ಜೊತೆಗೆ ಮಣಿ, ದಾರ, ಕೊಕ್ಕೆ, ಕಾರ್ಡು, ಪೌಚು ಎಲ್ಲ ಸೇರಿ ನಿಮಗೆ ಎಷ್ಟು ಬೀಳುತ್ತದೆ? ಅಂದಾಜು ಬೇಡ, ಬರೆದಿಟ್ಟಿದ್ದರೆ ಹೇಳಿ.

ಸಣ್ಣಮಣಿ (ಶಿವಮೊಗ್ಗ)

ಈಗಷ್ಟೇ ಕೂತು ಕೂಡಿಸಿದೆ ಅಕ್ಕ. ಮಣಿ 8, ದಾರ 4, ಕೊಕ್ಕೆ ಮತ್ತು ರಿಂಗು 6, ಕಾರ್ಡು-ಪೌಚು 9. ಒಟ್ಟು 27. ಪೋಸ್ಟ್ ಖರ್ಚು ಗಿರಾಕಿಯದ್ದೇ.

ಸಾಧನಕೇರಿ (ಧಾರವಾಡ)

ಅಂದರೆ ಕೈಗೆ ಉಳಿಯುವುದು 123. ಮೂರು ಗಂಟೆ ಹೆಣಿಗೆ. ಅದಲ್ಲದೆ ಫೋಟೋ ತೆಗೆಯುವುದು, "ಬೇರೆ ಕಲರ್ ಇದೆಯಾ" ಅನ್ನುವವರಿಗೆ ಉತ್ತರಿಸುವುದು, ಪ್ಯಾಕ್ ಮಾಡಿ ಪೋಸ್ಟ್ ಆಫೀಸಿಗೆ ಹೋಗುವುದು. ಇದಕ್ಕೆಲ್ಲ ಒಂದು ಜೊತೆಗೆ 40 ನಿಮಿಷ ಅಂತ ಹಿಡಿಯೋಣ, ಕಮ್ಮಿಯೇ ಆಯಿತು. 123 ಭಾಗಿಸು ಮೂರು ಗಂಟೆ ನಲವತ್ತು ನಿಮಿಷ. ಗಂಟೆಗೆ 33 ರೂಪಾಯಿ ಚಿಲ್ಲರೆ.

ದೀಪಾವಳಿ ತಿಂಗಳ 64 ಜೊತೆಗೆ ನೀವು ಹತ್ತಿರ ಹತ್ತಿರ 235 ಗಂಟೆ ಕೂತಿದ್ದೀರಿ. ಉಳಿದಿದ್ದು 7,872. ದುಡ್ಡು ಎಲ್ಲೂ ಹೋಗಿಲ್ಲ ತಂಗಿ. ಅದು ಬಂದೇ ಇಲ್ಲ.

ಸಣ್ಣಮಣಿ (ಶಿವಮೊಗ್ಗ)

ಇದನ್ನು ಓದಿ ಐದು ನಿಮಿಷ ಸುಮ್ಮನೆ ಕೂತಿದ್ದೆ. ನಮ್ಮ ಕಡೆ ಅಡಿಕೆ ಸುಲಿಯುವವರಿಗೂ ಇದಕ್ಕಿಂತ ಜಾಸ್ತಿ ಸಿಗುತ್ತದೆ.

ಗಡಿಬಿಡಿ ಭಟ್ಟ (ಶಿರಸಿ)

ಬೇಸರ ಮಾಡ್ಕೋಬೇಡಿ. ಇದನ್ನು ವ್ಯಾಪಾರ ಅಂತ ಯಾಕೆ ಕರೆಯುತ್ತೀರಿ? ಒಳ್ಳೆಯ ಹವ್ಯಾಸ, ಖರ್ಚು ತಾನೇ ಹುಟ್ಟಿಸಿಕೊಳ್ಳುತ್ತಿದೆ, ಅಷ್ಟು ಸಾಕು. ನನ್ನ ಹೆಂಡತಿಯೂ ಎರಡು ವರ್ಷ ಮಾಡಿದಳು. ಮನೆ ತುಂಬ ಡಬ್ಬಿ, ನೆಲದ ತುಂಬ ಮಣಿ. ರಾತ್ರಿ ನೀರು ಕುಡಿಯಲು ಎದ್ದರೆ ಕಾಲಿಗೆ ಚುಚ್ಚುವುದೇ ಲಾಭ. ಫ್ಯಾಕ್ಟರಿ ಮಾಲಿನ ಮುಂದೆ ಕೈಕೆಲಸ ಬೆಲೆಯಲ್ಲಿ ಗೆಲ್ಲುವುದು ಆಗದ ಮಾತು.

ಸಾಧನಕೇರಿ (ಧಾರವಾಡ)

ಭಟ್ಟರೇ, ಬೆಲೆಯಲ್ಲಿ ಗೆಲ್ಲಬೇಕು ಅಂತ ಯಾರು ಹೇಳಿದರು? ನಾನು ಒಂಬತ್ತು ವರ್ಷದಿಂದ ಇದರಲ್ಲೇ ಇದ್ದೇನೆ. ನನ್ನ ಓಲೆ 900 ರೂಪಾಯಿ. ತಿಂಗಳಿಗೆ ಇಪ್ಪತ್ತು ಜೊತೆ ದಾಟಿಸುವುದಿಲ್ಲ. 99ರ ಓಲೆ ತಗೊಳ್ಳುವವರು ನನ್ನ ಗಿರಾಕಿಗಳೇ ಅಲ್ಲ. ಮಣಿ ಚುಚ್ಚುವುದು ಮಾತ್ರ ನಿಜ ರೀ, ಅದಕ್ಕೆ ಮದ್ದಿಲ್ಲ.

ಗಡಿಬಿಡಿ ಭಟ್ಟ (ಶಿರಸಿ)

ಧಾರವಾಡ-ಹುಬ್ಬಳ್ಳಿಯಲ್ಲಿ 900 ನಡೆಯಬಹುದು ಮೇಡಂ. ಸಣ್ಣ ಊರಲ್ಲಿ ಹೇಳಿ ನೋಡಿ.

ಚಿಕ್ಕಪೇಟೆ ಗಲ್ಲಿ (ಬೆಂಗಳೂರು)

ನಾನು ಹೆಣೆಯುವವನಲ್ಲ. ಮಣಿ, ಕೊಕ್ಕೆ, ಡೋರಿ ಮಾರುವ ಅಂಗಡಿಯಲ್ಲಿ 14 ವರ್ಷ ಕೆಲಸ ಮಾಡಿದ್ದೇನೆ. ಬೆಲೆ ವಿಷಯ ನೀವು ನೀವೇ ಮಾತಾಡಿಕೊಳ್ಳಿ. ಮಣಿ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಶಿವಮೊಗ್ಗದ ಮೇಡಂ 8 ರೂಪಾಯಿ ಮಣಿ ಅಂದರಲ್ಲ, ಅದು ಅರ್ಧ ಕೆಜಿ ಪ್ಯಾಕೆಟ್ ಮಾಲು. ಅದರಲ್ಲಿ ತಪ್ಪಿಲ್ಲ, ಸರಕ್ಕೆ ಚೆನ್ನಾಗಿದೆ. ಆದರೆ ಸಾಲು ಹೆಣೆಯುವ ಕೆಲಸಕ್ಕೆ ಅದು ಸರಿಹೋಗಲ್ಲ. ಒಂದು ಮಣಿ ದಪ್ಪ, ಒಂದು ತೆಳು, ಒಂದರ ತೂತು ಮುಚ್ಚಿರುತ್ತದೆ. ಅಂಥವನ್ನು ಆರಿಸಿ ಎಸೆಯುತ್ತಾ ಕೂರಬೇಕು. ನಿಮ್ಮ ಮೂರು ಗಂಟೆಯಲ್ಲಿ ಅರ್ಧ ಗಂಟೆ ಆರಿಸುವುದಕ್ಕೇ ಹೋಗುತ್ತಿರುತ್ತದೆ. ಹೌದೋ ಅಲ್ವೋ?

ಜಪಾನಿನ ಮಿಯುಕಿ, ತೊಹೊ ಮಣಿ ಎಲ್ಲ ಒಂದೇ ಅಳತೆ. ಎರಡೂ ಕಂಪನಿ ಹಿರೋಶಿಮಾ ಪ್ರಾಂತ್ಯದ ಫುಕುಯಾಮಾ ಊರಿನವು. ಮಿಯುಕಿಯ ಡೆಲಿಕಾ ಅನ್ನುವ ಕೊಳವೆ ಮಣಿ ಗ್ರಾಂಗೆ ಸುಮಾರು 200 ಬರುತ್ತವೆ. ತೂತು ದೊಡ್ಡದು, ಸೂಜಿ ನಾಲ್ಕೈದು ಸಲ ಸಲೀಸಾಗಿ ಹೋಗುತ್ತದೆ. ದುಬಾರಿ. ನಾನಿದ್ದಾಗಲೇ ಬಣ್ಣ ನೋಡಿಕೊಂಡು ಗ್ರಾಂಗೆ 45-50 ರೂಪಾಯಿ ಇತ್ತು.

ಇನ್ನೊಂದು. ಅಳತೆಯಲ್ಲಿ ಹೊಸಬರು ಗೊಂದಲ ಮಾಡಿಕೊಳ್ಳುತ್ತಾರೆ. ನಂಬರ್ ದೊಡ್ಡದಾದಷ್ಟೂ ಮಣಿ ಸಣ್ಣದು. ನಮ್ಮ ಕಡೆ 2 ಮಿಮೀ ಅನ್ನುವುದು ಜಪಾನಿನವರ 11 ನಂಬರು, 3 ಮಿಮೀ ಅಂದರೆ 8 ನಂಬರು, 4 ಮಿಮೀ ಅಂದರೆ 6 ನಂಬರು. ಸೂಜಿಯೂ ಹಾಗೇ, 10ಕ್ಕಿಂತ 12 ತೆಳ್ಳಗೆ.

ನಮ್ಮ ದೇಶದ ಮಣಿ ಬೇಕು ಅಂದರೆ ಉತ್ತರ ಪ್ರದೇಶದ ಪುರ್ದಿಲ್‌ನಗರ, ಫಿರೋಜಾಬಾದ್, ಬನಾರಸ್. ನಮಗೆ ಹತ್ತಿರದ್ದು ಆಂಧ್ರದ ಪಾಪನಾಯುಡುಪೇಟ. ಶ್ರೀಕಾಳಹಸ್ತಿ ಕಡೆ. ಕುಲುಮೆಯಲ್ಲಿ ಕರಗಿದ ಗಾಜನ್ನು ಕೊಳವೆ ಥರ ಉದ್ದಕ್ಕೆ ಎಳೆದು, ತುಂಡು ಮಾಡಿ, ಮತ್ತೆ ಬಿಸಿಮಾಡಿ ಅಂಚು ಮೊಂಡು ಮಾಡುತ್ತಾರೆ. ತುಂಬಾ ಹಳೆಯ ವಿಧಾನ. ಈ ಮೊಂಡು ಮಾಡುವ ಕೆಲಸ ಅರ್ಧಂಬರ್ಧ ಆಗಿದ್ದರೆ ತೂತಿನ ಅಂಚು ಬ್ಲೇಡ್ ಇದ್ದ ಹಾಗೆ. ಎಷ್ಟು ಒಳ್ಳೆಯ ದಾರ ಹಾಕಿದರೂ ಎರಡು ತಿಂಗಳಲ್ಲಿ ಕತ್ತರಿಸುತ್ತದೆ. ಕೊಳ್ಳುವ ಮೊದಲು ಒಂದು ಮಣಿಗೆ ದಾರ ಹಾಕಿ ಐವತ್ತು ಸಲ ಹಿಂದೆ ಮುಂದೆ ಎಳೆದು ನೋಡಿ. ದಾರ ನಯವಾಗಿಯೇ ಇದ್ದರೆ ತಗೊಳ್ಳಿ, ಜುಂಗು ಎದ್ದರೆ ಅಂಗಡಿಯವನಿಗೇ ವಾಪಸ್ ಕೊಡಿ.

ಸಣ್ಣಮಣಿ (ಶಿವಮೊಗ್ಗ)

ಆರಿಸುವ ವಿಷಯ ನೂರಕ್ಕೆ ನೂರು ಸರಿ ಸರ್. ಬಣ್ಣ ಹೋಗುವುದರ ಬಗ್ಗೆಯೂ ಹೇಳಿ. ಒಬ್ಬರು ರಾಣಿ ಬಣ್ಣದ ಸರ ತಗೊಂಡು ಹೋಗಿ ಒಂದೇ ತಿಂಗಳಿಗೆ ವಾಪಸ್ ತಂದರು. ಬಿಳಿ ಬ್ಲೌಸ್ ಕುತ್ತಿಗೆ ಗುಲಾಬಿ ಆಗಿತ್ತು. ದುಡ್ಡು ವಾಪಸ್ ಕೊಟ್ಟೆ, ಬ್ಲೌಸ್ ಮಾತು ಮಾತ್ರ ಇವತ್ತಿಗೂ ಕೇಳುತ್ತಿದ್ದೇನೆ.

ಚಿಕ್ಕಪೇಟೆ ಗಲ್ಲಿ (ಬೆಂಗಳೂರು)

ರಾಣಿ, ನೇರಳೆ, ಮತ್ತೆ ಒಳಗೆ ಬೆಳ್ಳಿ ಮಿಂಚಿರುವ ಕೆಲವು ಬಣ್ಣ ಯಾವಾಗಲೂ ಅನುಮಾನ. ಗಾಜೇ ಬಣ್ಣದ್ದಲ್ಲ, ಮೇಲೆ ಬಳಿದಿರುವುದು. ಹತ್ತು ಮಣಿಯನ್ನು ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಒಂದು ರಾತ್ರಿ ಹಾಕಿಡಿ. ಇನ್ನು ಹತ್ತನ್ನು ಕಿಟಕಿಯ ಬಿಸಿಲಲ್ಲಿ ಒಂದು ವಾರ ಇಡಿ, ಅರ್ಧಕ್ಕೆ ಕಾಗದ ಮುಚ್ಚಿ. ಮುಚ್ಚಿದ್ದಕ್ಕೂ ಬಿಟ್ಟಿದ್ದಕ್ಕೂ ವ್ಯತ್ಯಾಸ ಕಂಡರೆ ಆ ಪ್ಯಾಕೆಟ್ ಮಕ್ಕಳಿಗೆ ಆಡಲು ಕೊಡಿ.

ಕುಡ್ಲದ ಮಳೆ (ಮಂಗಳೂರು)

ಮಣಿ ಬಗ್ಗೆ ಇಷ್ಟೆಲ್ಲ ಹೇಳಿದಿರಿ, ಕೊಕ್ಕೆ ಬಗ್ಗೆ ಯಾರೂ ಮಾತಾಡಿಲ್ಲ. ನಮ್ಮ ಊರಿನ ಬೆವರಿಗೆ ಅಗ್ಗದ ಕೊಕ್ಕೆ ಹದಿನೈದು ದಿನಕ್ಕೆ ಹಸಿರಾಗುತ್ತದೆ. ನಿಕ್ಕಲ್ ಇದ್ದರೆ ಕೆಲವರ ಕಿವಿ ತುರಿಸಿ ಕೀವು ಬರುತ್ತದೆ. ಅವರು ಕೊಕ್ಕೆಯನ್ನು ಬೈಯಲ್ಲ, ನಿಮ್ಮನ್ನು ಬೈಯುತ್ತಾರೆ. ನಾನು ಈಗ ಸರ್ಜಿಕಲ್ ಸ್ಟೀಲ್ ಇಲ್ಲಾ ಬೆಳ್ಳಿ ಕೊಕ್ಕೆ ಬಿಟ್ಟು ಬೇರೆ ಹಾಕುವುದೇ ಇಲ್ಲ. ಬೆಳ್ಳಿಗೆ ಬೇರೆ ಬೆಲೆ ಅಂತ ಮೊದಲೇ ಬರೆಯುತ್ತೇನೆ. ಅರ್ಧ ಜನ ಬೆಳ್ಳಿಯದ್ದೇ ಕೇಳುತ್ತಾರೆ, ನೋಡಿ ಬೇಕಾದರೆ.

ಸರ ಮಾಡುವವರಿಗೆ ಇನ್ನೊಂದು ಮಾತು. ಗೇರ್ ವೈರ್‌ಗೆ (ಸರ ಪೋಣಿಸುವ ಸಣ್ಣ ಲೋಹದ ತಂತಿ) ಗೇರ್ ಲಾಕ್ (ತುದಿ ಬಿಗಿಯುವ ಪುಟ್ಟ ಲೋಹದ ಮಣಿ) ಹಾಕಿ ಸಾದಾ ಇಕ್ಕಳದಲ್ಲಿ ಜಜ್ಜಬೇಡಿ. ಅಂಚು ವೈರನ್ನೇ ಕಡಿಯುತ್ತದೆ. ನನ್ನ ಮೊದಲ ಇಪ್ಪತ್ತು ಸರದಲ್ಲಿ ಆರು ಹಾಗೇ ಹೋದವು. ಒಂದಂತೂ ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ, ಸಾರಿನೊಳಕ್ಕೆ.

ಸಾಧನಕೇರಿ (ಧಾರವಾಡ)

ಸಾರಿನೊಳಕ್ಕೆ ಅಂತ ಓದಿ ನಕ್ಕೆ, ಕ್ಷಮಿಸಿ.

ಸಣ್ಣಮಣಿ ಅವರೇ, ನಿನ್ನೆ ನಿಮ್ಮ ಪುಟದ ಫೋಟೋಗಳನ್ನು ನೋಡಿದೆ. ಕೈ ಚೆನ್ನಾಗಿದೆ, ಗಂಟು ಎಲ್ಲೂ ಕಾಣುವುದಿಲ್ಲ. ಆದರೆ ಓಲೆ ಪೂರ್ತಿ ಹೆಣಿಗೆ. ಒಂದು ಜೊತೆಗೆ 800 ಮಣಿ ಹತ್ತಿರ ಇರಬೇಕು. ಒಂದೊಂದನ್ನೂ ಸೂಜಿ ಮೊನೆಯಿಂದ ಎತ್ತಿ, ದಾರ ಸುತ್ತಿ, ಮತ್ತೆ ಅದೇ ಮಣಿಯೊಳಗೆ ಸೂಜಿ ವಾಪಸ್ ತರಬೇಕು. ಲೆಕ್ಕ ಹಾಕಿದರೆ ನಿಮಿಷಕ್ಕೆ ನಾಲ್ಕೂವರೆ ಮಣಿ. ಇದಕ್ಕಿಂತ ವೇಗ ಕಷ್ಟ.

ಹಾಗಾಗಿ ಕೈ ಬದಲಿಸಬೇಡಿ, ಓಲೆ ಬದಲಿಸಿ. ಮೇಲಿನ ತ್ರಿಕೋನ ಮಾತ್ರ ಹೆಣೆಯಿರಿ, ಎಂಟು ಮಣಿ ಅಗಲ ಸಾಕು. ಕೆಳಗೆ ನೇತಾಡುವ ಎಳೆಗಳ ಜಾಲರಿ ಬಿಡಿ. ಜಾಲರಿಯಲ್ಲಿ ಒಂದೇ ಸಲಕ್ಕೆ ಇಪ್ಪತ್ತು-ಇಪ್ಪತ್ತೈದು ಮಣಿ ಸೂಜಿಗೆ ಬರುತ್ತವೆ. ತುದಿಯ ಒಂದು ಮಣಿ ಬಿಟ್ಟು ಅದೇ ದಾರಿಯಲ್ಲಿ ಸೂಜಿ ಮೇಲಕ್ಕೆ. ಆಯಿತು ಒಂದು ಎಳೆ. ನೋಡುವವರ ಕಣ್ಣಿಗೆ ಇದೇ ಜಾಸ್ತಿ ಕೆಲಸದ ಹಾಗೆ ಕಾಣುತ್ತದೆ, ಓಡಾಡುವಾಗ ಅಲ್ಲಾಡುತ್ತದೆ ಬೇರೆ. ನನಗೆ ಒಂದು ಜೊತೆಗೆ ಒಂದು ಗಂಟೆ ಹತ್ತು ನಿಮಿಷ. ಪೂರ್ತಿ ಹೆಣಿಗೆಯದ್ದನ್ನು ಜಪಾನ್ ಮಣಿಯಲ್ಲಿ, ಕೇಳಿದವರಿಗೆ ಮಾತ್ರ ಮಾಡುತ್ತೇನೆ. ಅದೇ 900ರದ್ದು.

ಜಾಲರಿ ಓಲೆಗೆ 320 ಹೇಳಿ ನೋಡಿ. ಸಾಮಾನು 35, ಮಾತುಕತೆಯ ಅರ್ಧ ಗಂಟೆ ಸೇರಿ ಒಂದು ಗಂಟೆ ನಲವತ್ತು ನಿಮಿಷ. ಗಂಟೆಗೆ 170 ಬೀಳುತ್ತದೆ.

ನ್ಯೂಜೆರ್ಸಿ ಅಮ್ಮ

ದೂರದಿಂದ ಒಂದು ಮಾತು. ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಹಳದಿ-ಕೆಂಪು ಮಣಿ ಬ್ರೇಸ್‌ಲೆಟ್ ಅರವತ್ತು ಮಾಡಿಸಿದ್ದೆವು. ಮೈಸೂರಿನ ಒಬ್ಬರು ಮಾಡಿಕೊಟ್ಟರು. ಒಂದೇ ಡಿಸೈನು, ಮೂರು ಅಳತೆ, ಪೂರ್ತಿ ದುಡ್ಡು ಮುಂಗಡ. ಅವರಿಗೆ ಅರವತ್ತು ಜನರ ಜತೆ ಚೌಕಾಸಿ ಮಾಡುವ ಕೆಲಸ ತಪ್ಪಿತು. ನವೆಂಬರ್ ಒಂದಕ್ಕೆ ಊರಲ್ಲೂ ಶಾಲೆ, ಆಫೀಸು, ಅಪಾರ್ಟ್‌ಮೆಂಟ್ ಸಂಘ ಎಲ್ಲರಿಗೂ ಇದೇ ಬೇಕು ಅಲ್ವಾ? ಸೆಪ್ಟೆಂಬರಿನಲ್ಲೇ ಕೇಳಲು ಶುರು ಮಾಡಿ.

ಆದರೆ ಅಮೆರಿಕಕ್ಕೆ ಬಿಡಿ ಬಿಡಿ ಪಾರ್ಸೆಲ್ ಕಳಿಸುವ ಹಳೆ ಲೆಕ್ಕ ಮರೆತುಬಿಡಿ. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕ ಇಲ್ಲ ಅನ್ನುವ ಸೌಲಭ್ಯ 2025ರ ಆಗಸ್ಟ್ 29ಕ್ಕೆ ನಿಂತಿತು. ಹತ್ತು ಡಾಲರಿನ ಓಲೆಗೂ ಈಗ ಸುಂಕದ ಲೆಕ್ಕ.

ಅಶೋಕ ರಸ್ತೆ (ಮೈಸೂರು)

ಎಲ್ಲರೂ ಹೊಸದು ಮಾಡುವುದನ್ನೇ ಹೇಳುತ್ತಿದ್ದೀರಿ. ನನ್ನ ಮನೆ ನಡೆಯುವುದು ಹಳೆಯದನ್ನು ಕಟ್ಟುವುದರಿಂದ.

ನಮ್ಮ ತಾತ ಒಡವೆ ಅಂಗಡಿಯ ಜಗುಲಿ ಮೇಲೆ ಕೂತು ಕರಿಮಣಿ ಕಟ್ಟುತ್ತಿದ್ದರು. ದಾರದ ಒಂದು ತುದಿ ಕಾಲಿನ ಹೆಬ್ಬೆರಳಿಗೆ, ಇನ್ನೊಂದು ತುದಿ ಕೈಯಲ್ಲಿ. ಜೇನುಮೇಣದ ಉಂಡೆ ತೊಡೆ ಪಕ್ಕ. ದಾರ ಬಿಗಿಯಾಗಿರುವುದರಿಂದ ಎರಡೂ ಕೈ ಗಂಟಿಗೆ ಸಿಗುತ್ತದೆ. ನಾನು ಕಾಲು ಬಿಟ್ಟು ಟೇಬಲ್‌ಗೆ ಹೊಡೆದ ಮೊಳೆ ಬಳಸುತ್ತೇನೆ, ಅಷ್ಟೇ ವ್ಯತ್ಯಾಸ.

ಈಗ ಆ ಜಗುಲಿಯಲ್ಲಿ ಕೂರುವವರು ಕಮ್ಮಿ. ಒಡವೆ ಅಂಗಡಿಗೆ ಕೊಟ್ಟರೆ ನಾಳೆ ಬನ್ನಿ, ನಾಡಿದ್ದು ಬನ್ನಿ ಅನ್ನುತ್ತಾರೆ. ಮಾಂಗಲ್ಯ ಒಂದು ರಾತ್ರಿ ಕತ್ತಿನಲ್ಲಿ ಇಲ್ಲದೆ ಇರಲು ಎಷ್ಟು ಹೆಂಗಸರು ಒಪ್ಪುತ್ತಾರೆ ಹೇಳಿ? ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಕತ್ತಿಗೆ ಹಾಕಿಕೊಂಡು ನನ್ನ ಎದುರೇ ಕೂರುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಕಟ್ಟಿ ಕೊಡಬೇಕು. ಕರಿಮಣಿ, ಮಧ್ಯೆ ಹವಳ, ಚಿನ್ನದ ಗುಂಡು, ನಡುವೆ ತಾಳಿ ಬೊಟ್ಟು. ಕೂಲಿ 250. ಸಾಮಾನು 15 ದಾಟಲ್ಲ. ಚೌಕಾಸಿ? ಇಷ್ಟು ವರ್ಷದಲ್ಲಿ ಬೆರಳೆಣಿಕೆ. "99ಕ್ಕೆ ಆನ್‌ಲೈನ್‌ನಲ್ಲಿ ಸಿಗುತ್ತೆ" ಅಂತ ಇದಕ್ಕೆ ಯಾರು ಹೇಳುತ್ತಾರೆ?

ಬ್ರಿಕ್ ಸ್ಟಿಚ್ ಬರುವ ಕೈಗೆ ಇದು ಒಂದು ವಾರದ ಕಲಿಕೆ. ಗಂಟು ಮಾತ್ರ ಬೇರೆ.

ಸಣ್ಣಮಣಿ (ಶಿವಮೊಗ್ಗ)

ಅಕ್ಕ, ಗಂಟೆಗೆ 300 ಚಿಲ್ಲರೆ ಆಯಿತು! ಆದರೆ ಬೇರೆಯವರ ಚಿನ್ನ ಮುಟ್ಟಲು ನನಗೆ ಭಯ. ಒಂದು ಗುಂಡು ಕಳೆದರೂ ಏನು ಗತಿ?

ಅಶೋಕ ರಸ್ತೆ (ಮೈಸೂರು)

ಭಯ ಇರಲಿ, ಒಳ್ಳೆಯದು. ನಾನು ಮಾಡುವುದು ಹೀಗೆ.

ಅವರು ಬಂದ ತಕ್ಷಣ ಸರ ಇದ್ದ ಹಾಗೇ ಫೋಟೋ. ಆಮೇಲೆ ಅವರ ಎದುರೇ ದಾರ ಕತ್ತರಿಸುವುದು. ಚಿನ್ನದ ಗುಂಡು ಎಷ್ಟು, ಹವಳ ಎಷ್ಟು, ಬೊಟ್ಟು ಎಷ್ಟು, ಎಣಿಸಿ ಪುಸ್ತಕದಲ್ಲಿ ಬರೆದು ಅವರ ಸಹಿ. ಸಣ್ಣ ತಕ್ಕಡಿಯಲ್ಲಿ ಚಿನ್ನದ ತೂಕ, ಕಟ್ಟುವ ಮೊದಲು. ಕೆಲಸ ನಡೆಯುವುದು ಅಂಚು ಎತ್ತರವಿರುವ ಸ್ಟೀಲ್ ತಟ್ಟೆಯೊಳಗೆ, ಬಿಳಿ ಪಂಚೆ ತುಂಡು ಹಾಸಿ. ಫ್ಯಾನ್ ಆಫ್. ಮಗು, ಬೆಕ್ಕು ಎರಡೂ ಹೊರಗೆ.

ಇಷ್ಟು ಮಾಡಿದರೂ ಒಂದು ಸಲ ಗುಂಡು ಉರುಳಿತು. ತಟ್ಟೆಯಿಂದ ನನ್ನ ಸೀರೆ ನೆರಿಗೆಗೆ, ಅಲ್ಲಿಂದ ಎಲ್ಲಿಗೋ. ಆ ಹೆಂಗಸು ಒಂದು ಮಾತೂ ಆಡಲಿಲ್ಲ, ಸುಮ್ನೆ ನೋಡುತ್ತಾ ಕೂತರು. ಅದು ಬೈಗುಳಕ್ಕಿಂತ ಕಷ್ಟ. ಒದ್ದೆ ಬಟ್ಟೆಯಲ್ಲಿ ನೆಲ ಪೂರ್ತಿ ಒತ್ತಿ ಒತ್ತಿ ಬಂದೆ. ಕೊನೆಗೆ ಸಿಕ್ಕಿದ್ದು ಹೊಲಿಗೆ ಯಂತ್ರದ ಪೆಡಲ್ ಕೆಳಗೆ. ಅವತ್ತಿನಿಂದ ತೊಡೆ ಮೇಲೆ ಟವೆಲ್ ಹಾಸಿ ಅದರ ತುದಿಯನ್ನು ಟೇಬಲ್‌ಗೆ ಕ್ಲಿಪ್ ಹಾಕುತ್ತೇನೆ.

ಮತ್ತೊಂದು, ಇದು ಕೆಲಸಕ್ಕಿಂತ ಮುಖ್ಯ. "ಸರ ಹರಿದಿದೆಯಾ" ಅಂತ ಕೇಳಬೇಡಿ. ಮಾಂಗಲ್ಯ ಹರಿಯುವುದಿಲ್ಲ, ಹೆಚ್ಚುತ್ತದೆ. "ಹೆಚ್ಚಿದೆಯಾ ಅಮ್ಮ" ಅನ್ನಬೇಕು. ಮಂಗಳವಾರ, ಶುಕ್ರವಾರ ಯಾರೂ ಬರಲ್ಲ. ಆ ದಿನ ಓಲೆ ಮಾಡಿಕೊಳ್ಳಿ.

ಕಾಫಿತೋಟ (ಮಡಿಕೇರಿ)

ಕಟ್ಟುವ ಕೆಲಸಕ್ಕೆ ಇಳಿಯುವವರಿಗೆ ನಮ್ಮ ಕಡೆಯಿಂದ ಒಂದು ಎಚ್ಚರಿಕೆ. ನಮ್ಮ ಕೊಡವರ ಜೋಮಾಲೆ ನೋಡಿರಬಹುದು, ಚಿನ್ನದ ಗುಂಡುಗಳನ್ನು ಕಪ್ಪು ದಾರಕ್ಕೆ ಪೋಣಿಸಿದ್ದು. ಆ ಗುಂಡು ಗಟ್ಟಿ ಅಲ್ಲ. ಒಳಗೆ ಅರಗು ತುಂಬಿರುತ್ತದೆ, ಮೇಲೆ ತೆಳು ಚಿನ್ನದ ಹಾಳೆ. ನಮ್ಮ ಅಜ್ಜಿಯ ಜೋಮಾಲೆಯನ್ನು ಒಬ್ಬರು ಕಟ್ಟುವ ಮೊದಲು ಹೊಳಪು ಬರಲಿ ಅಂತ ಸೀಗೆಪುಡಿ ಹಾಕಿ ಬಿಸಿನೀರಿನಲ್ಲಿ ನೆನೆಸಿಟ್ಟರು. ಅರಗು ಮೆತ್ತಗಾಗಿ ತೂತಿನಿಂದ ಹೊರಗೆ ಬಂತು. ಮೂರು ಗುಂಡು ಕೈಯಲ್ಲಿ ಹಿಡಿದ ತಕ್ಷಣ ಚಪ್ಪಟೆ. ಎಂಬತ್ತು ವರ್ಷದ ಒಡವೆ.

ಉತ್ತರ ಕರ್ನಾಟಕದ ಬೋರಮಾಳ ಅನ್ನುವ ಚಿನ್ನದ ಗುಂಡಿನ ಸರದಲ್ಲೂ ಅರಗು ಇರುತ್ತದೆ ಅಂತ ಕೇಳಿದ್ದೇನೆ. ಧಾರವಾಡದವರು ಹೇಳಬೇಕು.

ಸಾಧನಕೇರಿ (ಧಾರವಾಡ)

ಹೌದು, ನಮ್ಮ ಅವ್ವನ ಬೋರಮಾಳವೂ ಅರಗಿನದ್ದೇ. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸುವುದು ಬಿಟ್ಟು ಬೇರೆ ಏನೂ ಮಾಡಬಾರದು. ತೂಕ ಬರೆಯುವಾಗಲೂ "ಅರಗು ಸೇರಿ" ಅಂತ ಬರೆಯಿರಿ. ಇಲ್ಲದಿದ್ದರೆ ಮುಂದೆ ಎಂದಾದರೂ ಜಗಳ.

ಗಡಿಬಿಡಿ ಭಟ್ಟ (ಶಿರಸಿ)

ನನ್ನ ಮಾತು ಸ್ವಲ್ಪ ವಾಪಸ್ ತಗೊಳ್ಳುತ್ತೇನೆ. ಈ ಕಟ್ಟುವ ಕೆಲಸ ನಮ್ಮ ಊರಲ್ಲೂ ನಡೆಯಬಹುದು. ಹೆಂಡತಿಗೆ ಓದಿ ಹೇಳಿದೆ. "ಇದನ್ನ ಎರಡು ವರ್ಷದ ಹಿಂದೆ ಓದಬೇಕಿತ್ತು" ಅಂದಳು. ಜಿಎಸ್‌ಟಿ ಎಲ್ಲ ಬೇಕಾಗುತ್ತದಾ ಇದಕ್ಕೆ? ಯುಪಿಐ ನೋಡಿ ನೋಟಿಸ್ ಕೊಟ್ಟ ಸುದ್ದಿ ಓದಿದ ಮೇಲೆ ನಮ್ಮಲ್ಲಿ ಎಲ್ಲರೂ ಹೆದರಿದ್ದಾರೆ.

ನಿವೃತ್ತ ಲೆಕ್ಕಿಗ (ತುಮಕೂರು)

2025ರ ಜುಲೈನ ನೋಟಿಸ್ ಗಲಾಟೆ ಮಾತು ತಾನೇ? ಹೆದರುವ ಅಗತ್ಯ ಇಲ್ಲ. ನಮ್ಮ ರಾಜ್ಯದಲ್ಲಿ ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಿಲ್ಲ. ಸೇವೆಗೆ 20 ಲಕ್ಷ. ಕಟ್ಟಿಕೊಡುವ ಕೂಲಿ ಸೇವೆಗೆ ಬರುತ್ತದೆ. ಯಾವುದಕ್ಕೂ ನೀವು ಹತ್ತಿರವೂ ಇಲ್ಲ.

ಗೊಂದಲ ಬರುವುದು ಎರಡು ಕಡೆ. ಬೇರೆ ರಾಜ್ಯಕ್ಕೆ ಮಾರಿದರೆ ಸಾಮಾನ್ಯವಾಗಿ ನೋಂದಣಿ ಬೇಕು. ಆದರೆ ಕರಕುಶಲ ವಸ್ತುಗಳ ಒಂದು ಪಟ್ಟಿ ಇದೆ, ಅದರಲ್ಲಿರುವುದಕ್ಕೆ ಮಿತಿಯೊಳಗೆ ವಿನಾಯಿತಿ ಇದೆ, ಪ್ಯಾನ್ ಇರಬೇಕು. ಕೈಯಲ್ಲಿ ಮಾಡಿದ ಮಣಿ ಆಭರಣ ಆ ಪಟ್ಟಿಯಲ್ಲಿದೆ. ಅದೇ ಸಾಲಿನಲ್ಲಿ ಏಲಕ್ಕಿ ಹಾರವೂ ಇದೆ. ನಮ್ಮ ಹಾವೇರಿಯ ಹಾರ ದಿಲ್ಲಿಯ ಕಾಗದದಲ್ಲಿ ಕಂಡು ನನಗಂತೂ ಖುಷಿಯಾಗಿತ್ತು.

ಎರಡನೆಯದು ದೊಡ್ಡ ಆನ್‌ಲೈನ್ ಅಂಗಡಿಗಳು. 2023ರ ಅಕ್ಟೋಬರ್ 1ರಿಂದ, ನಮ್ಮ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರು ಜಿಎಸ್‌ಟಿ ಇಲ್ಲದೆ, ಒಂದು ದಾಖಲಾತಿ ಸಂಖ್ಯೆ ತಗೊಂಡು ಅಲ್ಲಿ ಮಾರಬಹುದು. ಅಲ್ಲಿಂದ ಬೇರೆ ರಾಜ್ಯಕ್ಕೆ ಹೋಗಬೇಕಾದರೆ ಜಿಎಸ್‌ಟಿ ಬೇಕೇ ಬೇಕು. ನೀವು ಇನ್‌ಸ್ಟಾಗ್ರಾಂನಲ್ಲಿ ತೋರಿಸಿ ನೇರವಾಗಿ ಮಾರುತ್ತಿದ್ದೀರಿ, ಅದು ಬೇರೆ ಲೆಕ್ಕ.

ನನ್ನ ಒಂದೇ ಕೋರಿಕೆ. ಮಣಿ ದುಡ್ಡಿಗೆ ಬೇರೆ ಖಾತೆ ಮಾಡಿ. ಚೀಟಿ ದುಡ್ಡು, ತಮ್ಮ ಕಳಿಸಿದ ಸಾಲ, ಓಲೆ ದುಡ್ಡು ಎಲ್ಲ ಒಂದೇ ಕಡೆ ಬಂದು ಬಿದ್ದರೆ ನಾಳೆ ನಿಮಗೇ ವಿವರಿಸಲು ಆಗುವುದಿಲ್ಲ. ಸಣ್ಣ ಉದ್ಯಮಗಳಿಗಿರುವ ಕೇಂದ್ರದ ಉದ್ಯಮ್ ನೋಂದಣಿ ಆಧಾರ್‌ನಿಂದ ಆನ್‌ಲೈನ್‌ನಲ್ಲೇ ಆಗುತ್ತದೆ, ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗದಿಂದ ಕುಶಲಕರ್ಮಿಗಳಿಗೆ ಪಹಚಾನ್ ಅನ್ನುವ ಗುರುತಿನ ಕಾರ್ಡ್ ಸಿಗುತ್ತದೆ. ಸರ್ಕಾರಿ ಮೇಳಗಳಲ್ಲಿ ಮಳಿಗೆ ಕೇಳಲು ಅದು ಉಪಯೋಗ.

ಕುಡ್ಲದ ಮಳೆ (ಮಂಗಳೂರು)

ಮೇಳ ಅಂದಾಗ ನೆನಪಾಯಿತು. ಖಾಸಗಿಯವರ ಒಂದು ಮೇಳದಲ್ಲಿ ಎರಡು ದಿನಕ್ಕೆ 6,000 ಕಟ್ಟಿದೆ. ಕೊಟ್ಟ ಜಾಗ ಶೌಚಾಲಯದ ಪಕ್ಕ. ಆದ ವ್ಯಾಪಾರ 4,300. ಬಂದವರೆಲ್ಲ "ಟಾಯ್ಲೆಟ್ ಎಲ್ಲಿ" ಅಂತಲೇ ಕೇಳಿದ್ದು. ಈಗ ಮೊದಲ ವರ್ಷ ಗಿರಾಕಿಯಾಗಿ ಹೋಗಿ ನೋಡುತ್ತೇನೆ. ಜನ ಎಲ್ಲಿ ನಿಲ್ಲುತ್ತಾರೆ, ಎಷ್ಟರದ್ದು ತಗೊಳ್ಳುತ್ತಾರೆ ಅಂತ. ಮರುವರ್ಷ ಬೇಕಿದ್ದರೆ ಮಳಿಗೆ. ಸ್ವಸಹಾಯ ಸಂಘದಲ್ಲಿ ಇರುವವರು ಸರಸ್ ಮೇಳ ಕೇಳಿ ನೋಡಿ.

ಚಿಕ್ಕಪೇಟೆ ಗಲ್ಲಿ (ಬೆಂಗಳೂರು)

ಒಂದು ಮಾತು ಬಿಟ್ಟುಹೋಯಿತು. ದೊಡ್ಡ ಓಲೆ ಮಾಡುವವರು ಚನ್ನಪಟ್ಟಣದ ಮರದ ಮಣಿ ನೋಡಿ. ಆಲೆಮರದ್ದು, ಹಗುರ. ಲೇತ್‌ನಲ್ಲಿ ಕಡೆಯುವಾಗಲೇ ಅರಗಿನ ಬಣ್ಣ ಒತ್ತುತ್ತಾರೆ, ಬಿಸಿಗೆ ಕರಗಿ ಹತ್ತುತ್ತದೆ. ಆಮೇಲೆ ಕೇದಿಗೆ ಗರಿಯಲ್ಲಿ ಉಜ್ಜಿ ಹೊಳಪು ತರುತ್ತಾರೆ. ಗಾಜಿನ ಮಣಿಯ ಭಾರಕ್ಕೆ ಕಿವಿ ಜಗ್ಗುತ್ತದೆ ಅನ್ನುವವರಿಗೆ ಇದು ಒಳ್ಳೆಯದು. ನೀರಲ್ಲಿ ಮುಳುಗಿಸಬೇಡಿ ಅಂತ ಕಾರ್ಡಿನ ಹಿಂದೆ ಬರೆಯಿರಿ.

ಸಣ್ಣಮಣಿ (ಶಿವಮೊಗ್ಗ)

ಏಳು ವಾರ ಆಯಿತು. ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

ಬೆಲೆ ಬದಲಿಸಿದ ದಿನ ಮಧ್ಯಾಹ್ನದವರೆಗೆ ಫೋನ್ ಮುಟ್ಟಲಿಲ್ಲ. ಜಾಲರಿ ಓಲೆ 320, ಬೆಳ್ಳಿ ಕೊಕ್ಕೆ ಬೇಕಾದರೆ ಬೇರೆ. ಯಾವಾಗಲೂ ತಗೊಳ್ಳುತ್ತಿದ್ದ ಇಬ್ಬರು "ದೊಡ್ಡವರಾಗಿಬಿಟ್ರಿ" ಅಂತ ಮೆಸೇಜ್ ಹಾಕಿ ಹೋದರು. ಅಳು ಬಂತು, ನಿಜ. ಮೊದಲ ಎರಡು ವಾರ ಮೂರೇ ಜೊತೆ. ಭಟ್ಟರು ಹೇಳಿದ್ದೇ ಸರಿ ಇರಬೇಕು ಅನ್ನಿಸಿತು.

ಆಮೇಲೆ ಫೋಟೋ ಬದಲಿಸಿದೆ. ಮೊದಲು ಬಿಳಿ ಕಾಗದದ ಮೇಲೆ ಇಟ್ಟು ತೆಗೆಯುತ್ತಿದ್ದೆ, ಎಲ್ಲರ ಮಾಲೂ ಹಾಗೇ ಕಾಣುತ್ತದೆ. ಈಗ ಹಿತ್ತಲಿನ ಅಡಿಕೆ ಹಾಳೆ ಒಣಗಿಸಿ, ಬೆಳಗ್ಗೆ ಎಂಟರ ಕಿಟಕಿ ಬೆಳಕಲ್ಲಿ ತೆಗೆಯುತ್ತೇನೆ. ಹಾಳೆಯ ಗೆರೆ, ಮೇಲೆ ಕೆಂಪು ಮಣಿ. ಜನ ಓಲೆ ಕೇಳುವ ಮೊದಲು "ಇದು ಏನು, ಚರ್ಮವಾ" ಅಂತ ಹಾಳೆ ಬಗ್ಗೆ ಕೇಳುತ್ತಾರೆ. ಕಳೆದ ತಿಂಗಳು 22 ಜೊತೆ ಹೋಗಿವೆ. 64ರ ಮುಂದೆ ಕಮ್ಮಿ. ಆದರೆ ರಾತ್ರಿ ಹತ್ತಕ್ಕೆ ಮಲಗುತ್ತಿದ್ದೇನೆ.

ಕರಿಮಣಿ. ಮೈಸೂರಿನ ಅಕ್ಕ ವಿಡಿಯೋ ಕಾಲಿನಲ್ಲಿ ಗಂಟು ತೋರಿಸಿಕೊಟ್ಟರು. ಬರೀ ಗಾಜಿನ ಮಣಿಯಲ್ಲಿ ಹದಿನೈದು ಸಲ ಕಟ್ಟಿ ಬಿಚ್ಚಿದೆ. ಮೊದಲ ಗಿರಾಕಿ ಪಕ್ಕದ ಬೀದಿಯವರು. ನಾನು ಎಣಿಸುವಾಗ ನನ್ನ ಕೈ ನಡುಗುತ್ತಿತ್ತು, ಅವರೇ "ನಿಧಾನ ಮಾಡವ್ವ, ನನಗೇನೂ ಅವಸರ ಇಲ್ಲ" ಅಂದರು. ಒಂದೂವರೆ ಗಂಟೆ ಹಿಡಿಯಿತು. ಕೊಟ್ಟ ದುಡ್ಡಿನ ಜತೆ ಎರಡು ಬಾಳೆಹಣ್ಣು, ಅರಿಶಿನ ಕುಂಕುಮ. ಇಲ್ಲಿಯವರೆಗೆ ಒಂಬತ್ತು ಕಟ್ಟಿದ್ದೇನೆ. ಈಗ ಒಂದು ಗಂಟೆ ಸಾಕು, ಮುಕ್ಕಾಲಿಗೆ ಇನ್ನೂ ಬಂದಿಲ್ಲ.

ಅಶೋಕ ರಸ್ತೆ (ಮೈಸೂರು)

ಮುಕ್ಕಾಲು ಗಂಟೆಗೆ ನನಗೆ ಎರಡು ವರ್ಷ ಹಿಡಿದಿತ್ತು. ನಿಧಾನ.

ಸಣ್ಣಮಣಿ (ಶಿವಮೊಗ್ಗ)

ಒಂದು ಪ್ರಶ್ನೆ ಉಳಿದಿದೆ. ಆ ಹಳೇ 150ರ ಓಲೆ ಇನ್ನೂ ಏಳು ಜೊತೆ ಡಬ್ಬಿಯಲ್ಲಿವೆ. ಅದೇ ಬೆಲೆಗೆ ಕೊಡಲು ಈಗ ಮನಸ್ಸಿಲ್ಲ. ಬಿಚ್ಚಿ ಮಣಿ ವಾಪಸ್ ತೆಗೆಯಲಾ?

ಸಾಧನಕೇರಿ (ಧಾರವಾಡ)

ಬಿಚ್ಚಲು ಕೂರಬೇಡ ತಂಗಿ, 8 ರೂಪಾಯಿ ಮಣಿಗೆ ಮತ್ತೆ ಒಂದು ಗಂಟೆ ಹೋಗುತ್ತದೆ. ಬೆಲೆ 450 ಹಾಕಿ ಅದೇ ಅಡಿಕೆ ಹಾಳೆ ಮೇಲೆ ಇಟ್ಟು ಫೋಟೋ ತೆಗಿ. ಕೊಕ್ಕೆ ಮಾತ್ರ ಬದಲಿಸು.

ಗಡಿಬಿಡಿ ಭಟ್ಟ (ಶಿರಸಿ)

ಒಂದು ಜೊತೆ ನನಗೆ ತೆಗೆದಿಡಿ. ಕೆಂಪು ಇದ್ದರೆ ಕೆಂಪು. ಚೌಕಾಸಿ ಮಾಡಲ್ಲ.